ಶಂಕ್ರವ್ವನ ಮೇಣದ ತುಂಡು

ಮೇಣದ ತುಂಡಿನ ಮೇಲೆ ಬೆಳಕಿನ ಗೆರೆಯೊಂದು ಮೆಲ್ಲಗೆ ಓಡಾಡುತ್ತಿತ್ತು. ಒಳಗಿದ್ದದ್ದು ಶಂಕ್ರವ್ವನ ಮೂತ್ರಕೋಶದಿಂದ ತೆಗೆದ ಕಡಲೆಬೇಳೆಯಷ್ಟು ಮಾಂಸ. ಆಸ್ಪತ್ರೆಯವರು ಅದನ್ನು ಕೆಡದಂತೆ ಮೇಣದಲ್ಲಿ ಹುದುಗಿಸಿ ಮೂವತ್ತು ವರ್ಷದಿಂದ ಕಪಾಟಿನಲ್ಲಿ ಕಾಪಾಡಿದ್ದರು. ಶಂಕ್ರವ್ವ ಸತ್ತು ಹತ್ತಿರಹತ್ತಿರ ಅಷ್ಟೇ ಕಾಲವಾಗಿತ್ತು. ಅವಳ ಜೀವಕೋಶಗಳು ಪರದೆಯ ಮೇಲೆ ಒಂದೊಂದಾಗಿ ಎದ್ದು ಬಂದಾಗ, ಅಕ್ಕನೇ ಎದುರಿಗೆ ಬಂದಂತೆ ತಂಗಿ ನೀಲವ್ವ ಸೆರಗು ಸರಿಮಾಡಿಕೊಂಡಳು.

ಯಂತ್ರದ ಹೆಸರು ಮೂಲದರ್ಶಕ. ಕಂಡುಹಿಡಿದವರು ಡಾ. ಸುಮಿತ್ರಾ ಹಳಿಂಗಳಿ. ಜೀವಕೋಶವೊಂದು ಎರಡಾದಾಗಲೆಲ್ಲ ಅದರ ವಂಶವಾಹಿಯಲ್ಲಿ ಸಣ್ಣಪುಟ್ಟ ತಪ್ಪುಗಳು ಉಳಿದುಬಿಡುತ್ತವೆ. ಅವುಗಳ ಜಾಡು ಹಿಡಿದು ಹಿಂದಕ್ಕೆ ಹೋಗಿ, ಕ್ಯಾನ್ಸರ್ ಗಡ್ಡೆ ಹುಟ್ಟಿದ್ದು ಯಾವಾಗ, ಮೊದಲು ರಕ್ತ ಒಸರಿದ್ದು ಯಾವಾಗ ಎಂದು ಯಂತ್ರ ಹೇಳುತ್ತಿತ್ತು. ಹುಟ್ಟು ತಿಳಿದರೆ ಮದ್ದು ಸುಲಭ. ಹಿಂದೆಲ್ಲ ಗಡ್ಡೆಯನ್ನು ಕೆರೆದು, ಕ್ಷಯದ ಲಸಿಕೆಯನ್ನೇ ಮೂತ್ರಕೋಶಕ್ಕೆ ತುಂಬಿ, ಅದಕ್ಕೂ ಬಗ್ಗದಿದ್ದರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಗೆ ಚೀಲ ಅಂಟಿಸುತ್ತಿದ್ದರು. ಈಗ ಒಂದು ಚುಚ್ಚುಮದ್ದು ಸಾಕು.

ಅಕ್ಕನ ರೋಗವೇ ಈಗ ನೀಲವ್ವನಿಗೂ ಬಂದಿತ್ತು; ಆ ಚುಚ್ಚುಮದ್ದು ಬೇಕಾಗಿದ್ದದ್ದು ಅವಳಿಗೆ. ಅಕ್ಕತಂಗಿಯರಿಬ್ಬರೂ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿ ವಯಸ್ಸು ಸವೆಸಿದವರು. ಮುದುಕಿ ಮಹಾ ಹಟಮಾರಿ. ಮೊದಲು ಅಕ್ಕನದನ್ನು ನೋಡಿ, ಆಮೇಲೆ ನನ್ನ ಮೈ ಮುಟ್ಟಿ ಎಂದು ಕೂತುಬಿಟ್ಟಿದ್ದಳು. ಅಕ್ಕ ಬದುಕಬಹುದಿತ್ತೇ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು. ಇಲ್ಲ ಎನ್ನಿಸಿಕೊಳ್ಳುವ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು, ಪಾಪ.

ಬೆಳಕು ನಿಂತಿತು.

"ರಕ್ತ ಶುರುವಾಗಿದ್ದು ಎರಡು ಸಾವಿರದ ಇಪ್ಪತ್ತಾರರಾಗ," ಎಂದರು ಡಾಕ್ಟರು. "ದೀಪಾವಳಿ ಸುಮಾರಿಗೆ."

"ಆಗ ಈ ಯಂತ್ರ ಇರಲಿಲ್ಲಲ್ರೀ ಡಾಕ್ಟರ್ ಬಾಯಾರ?"

"ಯಂತ್ರ ಬೇಕಾಗಿರಲಿಲ್ಲ ನೀಲವ್ವಾರ. ಗಡ್ಡಿ ಸಾಸಿವಿ ಕಾಳಿನಷ್ಟಿತ್ತು. ತುದಿಗೆ ದೀಪ ಇರೋ ನಳಿಗಿ ಒಳಗ ಹಾಕಿ, ನೋಡಿ, ಕೆರೆದು ತೆಗೆದಿದ್ರ ಸಾಕಿತ್ತು. ಅದು ಆಗಲೇ ದೊಡ್ಡ ಆಸ್ಪತ್ರಿಯೊಳಗ ಇತ್ತು. ನಿಮ್ಮ ಅಕ್ಕಾರು ಅಲ್ಲಿಗಿ ಬಂದಿದ್ದು ಒಂದೂವರಿ ವರ್ಷ ಬಿಟ್ಟು. ಯಾರ ಮುಂದೂ ಹೇಳಲಿಲ್ಲೇನು?"

"ನನ್ನ ಮುಂದ ಹೇಳಿದ್ಳಲ್ರೀ. ಉಚ್ಚಿ ಕೆಂಪಗ ಹೋಗಾಕತ್ತೈತಿ ಅಂದ್ಳು. ನಮಗ ಅದು ಹೊಸಾದಲ್ರೀ. ಯಾವ ಬಣ್ಣ ಅದ್ದತೀವೋ ಆ ಬಣ್ಣ ಹೋಗ್ತೈತಿ ಅಂತ ನಾವೆಲ್ಲಾ ನಗಾಡತಿದ್ವಿ. ಕೆಂಪು ನೂಲಿಂದು ಬಿಡ ಯಕ್ಕಾ ಅಂದೆ."

ನೀಲವ್ವ ಪರದೆಯ ಮೇಲಿನ ಇಸವಿಯನ್ನು ಇನ್ನೊಮ್ಮೆ ನೋಡಿದಳು.

"ಆ ದೀಪಾವಳಿಗಿ ಬರೇ ಹಸರು ಸೀರಿ ಬೇಕಂದಿದ್ರು," ಎಂದಳು. "ತಿಂಗಳಪೂರ್ತಿ ನಾವು ಕೆಂಪು ಬಣ್ಣ ಕಾಯಿಸೇ ಇರಲಿಲ್ರಿ."

ಸುಮಿತ್ರಾಗೆ ಸಂಕಟವಾಯಿತು. ತಮ್ಮ ಯಂತ್ರದ ಮೇಲೆ ಅವರಿಗೆ ಮೊದಲ ಸಲ ಸಿಟ್ಟು ಬಂತು. ಆದರೂ ಮಾಡಬೇಕಾದ ಕೆಲಸ ಇತ್ತು. ಚುಚ್ಚುಮದ್ದು ಕೊಟ್ಟು, ಗಾಯಕ್ಕೆ ಹತ್ತಿ ಒತ್ತಿ ಹಿಡಿದರು.

"ಇನ್ನೇನೂ ಹೆದರಿಕಿಲ್ಲ. ಇಪ್ಪತ್ತು ವರ್ಷ ಆರಾಮ ಇರ್ತೀರಿ."

"ಅಷ್ಟ್ಯಾಕ್ರೀ ಬಾಯಾರ," ಎಂದಳು ನೀಲವ್ವ.