ಬೆರಳು ತೋರಿಸಿದವನು

ಅಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಬೇರೆಯವರ ಮನೆಯಲ್ಲಾದರೆ ಇದನ್ನು ನಿದ್ದೆ ಅನ್ನಬಹುದಿತ್ತು. ಈ ಮನೆಯಲ್ಲಿ ಅದರ ಅರ್ಥವೇ ಬೇರೆ: ನಿನ್ನ ಜೊತೆ ಮಾತು ಬೇಡ. ಹುಟ್ಟಿನಿಂದ ಕಿವಿ ಕೇಳದ, ಕೈಯಲ್ಲೇ ಮಾತಾಡುವ ಮನುಷ್ಯನಿಗೆ ಸಿಟ್ಟು ಬಂದರೆ ಮುಚ್ಚಿಕೊಳ್ಳಲು ಇರುವ ಬಾಗಿಲು ಕಣ್ಣೊಂದೇ.

ಮಗಳು ಆಗಷ್ಟೇ ಟಿವಿ ಸ್ಟುಡಿಯೋದಿಂದ ಬಂದಿದ್ದಳು. ಚಪ್ಪಲಿ ಬಿಡುವಾಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು, ಯಾಕೆಂದರೆ ಟಿವಿಯ ಮೇಲೆ ಟವೆಲ್ ಹೊದಿಸಲಾಗಿತ್ತು. ಅವಳು ಅಪ್ಪನ ಮೊಣಕಾಲು ತಟ್ಟಿದಳು. ಇನ್ನೂ ಎರಡು ಸಲ ತಟ್ಟಿದ ಮೇಲೆ ಒಂದು ಕಣ್ಣು ತೆರೆಯಿತು.

“ಏನಾಯ್ತಪ್ಪ?” ಎಂದು ಕೈಯಲ್ಲಿ ಕೇಳಿದಳು.

“ಅವನು ನಿನ್ನ ಕಡೆ ಬೆರಳು ತೋರಿಸಿದ,” ಅಪ್ಪನ ಕೈ ಗಾಳಿಯನ್ನು ಸೀಳುತ್ತಿತ್ತು. “‘ದೇಶ ಒಡೀತಿರೋಳು ನೀನೇ’ ಅಂದ. ಅಷ್ಟು ಜನರೆದುರಿಗೆ, ನನ್ನ ಮಗಳಿಗೆ.”

“ಅಪ್ಪ, ಅದು ಅವನ ಮಾತಲ್ಲ. ಕನ್ನಡಕದ ಮಾತು.”

“ಕೈ ಯಾರದ್ದು?”

“ಕೈ ಅವನದ್ದೇ.”

“ಮುಖ?”

“ಮುಖವೂ ಅವನದ್ದೇ. ಆದ್ರೆ...”

ತೆರೆದಿದ್ದ ಒಂದು ಕಣ್ಣೂ ಮುಚ್ಚಿಕೊಂಡಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚುನಾವಣೆಗೆ ಮುಂಚೆ ಮೂರು ಬುಧವಾರ ಸಂಜೆ ಇಬ್ಬರು ಅಭ್ಯರ್ಥಿಗಳು ಟಿವಿಯಲ್ಲಿ ಎದುರುಬದುರು ಕೂತು ಚರ್ಚೆ ಮಾಡುವುದೆಂದು ನಿಗದಿಯಾಗಿತ್ತು. ಇವತ್ತಿನದು ಎರಡನೆಯದು. ಕಿವಿ ಕೇಳದವರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಒಬ್ಬೊಬ್ಬ ದುಭಾಷಿ. ಪರದೆಯ ಕೆಳಗಿನ ಎರಡು ಮೂಲೆಯಲ್ಲಿ ನಿಂತು ಅವರ ಮಾತನ್ನು ಕೈಯಲ್ಲಿ ಹೇಳಬೇಕು. ಕೈಮಾತಿನವರು ಯಾರ ಹೆಸರನ್ನೂ ಅಕ್ಷರ ಅಕ್ಷರವಾಗಿ ಹೇಳುತ್ತ ಕೂರುವುದಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಗುರುತು ಇಟ್ಟುಬಿಡುತ್ತಾರೆ. ಹಾಗಾಗಿ ಒಬ್ಬ ಅಭ್ಯರ್ಥಿ ‘ಮೀಸೆ’, ಇನ್ನೊಬ್ಬರು ‘ಕನ್ನಡಕ’. ಅವಳ ಗುರುತೆಂದರೆ ಎಡಗೆನ್ನೆಗೆ ಒತ್ತಿದ ತೋರುಬೆರಳು. ನಕ್ಕಾಗ ಅವಳಿಗೆ ಗುಳಿ ಬೀಳುವುದು ಅಲ್ಲೇ.

ಅವಳು ಮೀಸೆಯ ದುಭಾಷಿ, ಅವನು ಕನ್ನಡಕದ ದುಭಾಷಿ. ಈ ಕೆಲಸದಲ್ಲಿ ಒಂದು ನಿಯಮವಿದೆ. ಅಭ್ಯರ್ಥಿ ‘ನಾನು’ ಎಂದರೆ ದುಭಾಷಿ ತನ್ನ ಎದೆಯನ್ನೇ ಮುಟ್ಟಿ ‘ನಾನು’ ಎನ್ನಬೇಕು. ‘ಅವರು ಹೀಗೆ ಹೇಳುತ್ತಿದ್ದಾರೆ’ ಎಂದು ನಡುವೆ ಮೂಗು ತೂರಿಸುವಂತಿಲ್ಲ. ‘ನೀವು’ ಎಂದರೆ ಎದುರಾಳಿ ಇರುವ ಕಡೆಗೆ ಬೆರಳು. ಎದುರಾಳಿ ಇರುವ ಕಡೆಯಲ್ಲಿ, ಮೂರು ಮಾರು ಆಚೆ, ಅವಳೇ ನಿಂತಿದ್ದಳು.

ಅಪ್ಪನಿಗೆ ಇದೆಲ್ಲ ತಿಳಿಯದ್ದೇನಲ್ಲ. ತಿಳಿದಿರುವುದು ಬೇರೆ, ಮಗಳ ಕಡೆಗೆ ಚಾಚಿದ ಬೆರಳನ್ನು ಕಣ್ಣಾರೆ ನೋಡುವುದು ಬೇರೆ. ಅದೂ ಮೀಸೆ ಎಂದರೆ ಪ್ರಾಣ ಬಿಡುವ ಮನುಷ್ಯ ಅವರು.

ಮುಂದಿನ ಭಾನುವಾರ ಆ ಬೆರಳಿನ ಯಜಮಾನ ತಮ್ಮ ಹತ್ತಿರವೇ ಹೆಣ್ಣು ಕೇಳಲು ಬರುವವನಿದ್ದ ಎಂಬುದು ಮಾತ್ರ ಅಪ್ಪನಿಗೆ ಗೊತ್ತಿರಲಿಲ್ಲ.

*

ಕೈಮಾತಿನಲ್ಲಿ ಪ್ರೀತಿಸುವವರಿಗೆ ಕಳ್ಳನೋಟದ ಸುಖವಿಲ್ಲ. ನೋಡದೆ ಅಲ್ಲಿ ಮಾತೇ ಇಲ್ಲ. ನಾಚಿ ತಲೆ ತಗ್ಗಿಸಿದರೆ ಎದುರಿನವನ ಮಾತು ಅರ್ಧದಲ್ಲೇ ನಿಂತುಬಿಡುತ್ತದೆ. ಪಾಪ, ಅವನು ಕೈ ಎತ್ತಿಕೊಂಡು ಕಾಯಬೇಕು. ಕಿವಿ ಕೇಳುವವರಾದರೂ ತಾಲೀಮಿನಲ್ಲಿ ಇಬ್ಬರದೂ ಕೈಮಾತೇ. ಆ ಎರಡು ತಿಂಗಳಲ್ಲಿ ಅವಳು ಅವನನ್ನು ಹೀಗೆ ಎಷ್ಟು ಸಲ ಕಾಯಿಸಿದ್ದಳೋ ಲೆಕ್ಕವಿಲ್ಲ.

ಅವನಿಗೆ ಒಂದು ಅಭ್ಯಾಸ. ಕೆಲಸ ಶುರುಮಾಡುವ ಮುಂಚೆ ಕಪ್ಪು ಶರ್ಟಿನ ತೋಳನ್ನು ಎರಡು ಮಡಿಕೆ ಮಡಿಸಿಕೊಳ್ಳುತ್ತಿದ್ದ. ಆಮೇಲೆ ಅವಳ ಕಡೆ ನೋಡುತ್ತಿದ್ದ. ಆ ಕ್ರಮ ಯಾವತ್ತೂ ತಪ್ಪುತ್ತಿರಲಿಲ್ಲ.

“ನನ್ನ ಹೆಸರು ಹೇಳು ನೋಡೋಣ,” ಎಂದು ಅವಳು ಮೊದಲ ದಿನ ಕೆಣಕಿದ್ದಳು.

ಅವನು ತನ್ನ ಬಲಗೆನ್ನೆಗೆ ಬೆರಳು ಒತ್ತಿಕೊಂಡ.

“ತಪ್ಪು. ಎಡಗಡೆ.”

“ಯಾರ ಎಡಗಡೆ?”

“ನನ್ನ ಎಡಗಡೆ.”

ಅವನು ಬೆರಳನ್ನು ಅವಳ ಕೆನ್ನೆಯ ಹತ್ತಿರ ತಂದು, ಮುಟ್ಟದೆ, ಗಾಳಿಯಲ್ಲೇ ನಿಲ್ಲಿಸಿದ. ಅವಳು ನಗಬಾರದೆಂದು ಎಷ್ಟು ಬಿಗಿಹಿಡಿದರೂ ಗುಳಿ ಬಿದ್ದೇ ಬಿಟ್ಟಿತು. “ಸಿಕ್ತು,” ಎಂದ.

ಅವನು ಈ ಊರಿಗೆ ಹೊಸಬ. ಕಿವಿ ಕೇಳದ ಅಕ್ಕನ ಜೊತೆ ಬೆಳೆದು ಕೈಮಾತು ಕಲಿತವನು. ಇಲ್ಲಿ ಅವನಿಗೆ ಗುರುತಿನ ಹೆಸರೇ ಇರಲಿಲ್ಲ. ಅದನ್ನು ನಾವಾಗಿಯೇ ಇಟ್ಟುಕೊಳ್ಳುವಂತಿಲ್ಲ. ಕಿವಿ ಕೇಳದವರು ಕೊಡಬೇಕು, ಕೊಟ್ಟರೆ ತಮ್ಮವನೆಂದು ಒಪ್ಪಿದ ಹಾಗೆ. ರಾಜಕೀಯದಲ್ಲಂತೂ ಅವನು ಕನ್ನಡಕದ ಕಡೆ, ಅವಳು ಅಪ್ಪನ ಹಾಗೆ ಮೀಸೆಯ ಕಡೆ. ಕ್ಯಾಂಟೀನ್ ಟೇಬಲ್ಲಿಗೆ ಅದನ್ನು ತರಬಾರದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ದೇಶವೇ ಎರಡಾಗಿ ಕೂತಿರುವಾಗ ಒಂದು ಟೇಬಲ್ ಆದರೂ ಒಂದಾಗಿರಲಿ ಎಂದು.

*

ಭಾನುವಾರ ಅವನು ಬಿಸ್ಕತ್ತಿನ ದೊಡ್ಡ ಪೊಟ್ಟಣ ಹಿಡಿದು ಅಪ್ಪ ಮಗಳು ಪ್ರತಿ ವಾರ ಹೋಗುವ ಕಿವುಡರ ಸಂಘದ ಹಾಲ್‌ಗೆ ಬಂದ. ಎಲ್ಲರಿಗೂ ಎಲ್ಲರ ಕೈ ಕಾಣಬೇಕಲ್ಲ, ಹಾಗಾಗಿ ಅಲ್ಲಿ ಕುರ್ಚಿಗಳನ್ನು ಯಾವಾಗಲೂ ದುಂಡಗೆ ಹಾಕುತ್ತಿದ್ದರು. ಅವತ್ತು ಕುರ್ಚಿಗಳು ಎರಡು ಗುಂಪಾಗಿದ್ದವು. ಮೀಸೆಯವರು ಕಿಟಕಿಯ ಹತ್ತಿರ, ಕನ್ನಡಕದವರು ಗೋಡೆಯ ಹತ್ತಿರ, ಬೆನ್ನಿಗೆ ಬೆನ್ನು. ಕೇಳುವವರು ಬೆನ್ನು ತಿರುಗಿಸಿ ಕೂತರೂ ಕಿವಿಗೆ ನಾಲ್ಕು ಮಾತು ಬೀಳುತ್ತವೆ. ಇಲ್ಲಿ ಬೆನ್ನು ತಿರುಗಿಸಿದರೆ ಮುಗಿಯಿತು, ಒಂದು ಮಾತೂ ದಾಟುವುದಿಲ್ಲ.

ಅವನು ಬಾಗಿಲಲ್ಲಿ ಕಾಣಿಸುತ್ತಲೇ ಕಿಟಕಿಯ ಕಡೆಯಿಂದ ಯಾರೋ ಬೆರಳು ಚಾಚಿ ತೋರಿಸಿದರು. ಅದೇ ಅವನ ಹೆಸರಾಗಿಬಿಟ್ಟಿತ್ತು: ಬೆರಳು ತೋರಿಸಿದವನು. ಗೋಡೆಯ ಕಡೆಯವರು ಅವನಿಗೆ ಜೈ ಎಂದು ಕೈಯೆತ್ತಿದರು. ಅದು ಇನ್ನೂ ಕೆಟ್ಟದಾಗಿತ್ತು. ಅಪ್ಪ ಅವನನ್ನು ಒಂದು ಸಲ ನೋಡಿ, ಕುರ್ಚಿಯನ್ನು ಪೂರ್ತಿ ತಿರುಗಿಸಿಕೊಂಡರು.

ಅವಳು ಅವನನ್ನು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಬಂದಳು. ಇಬ್ಬರೂ ಕೂತರು. ಬಿಸ್ಕತ್ತಿನ ಪೊಟ್ಟಣ ನಡುವೆ ಕೂತಿತು.

“ನಿಮ್ಮಪ್ಪಂಗೆ ಬಿಡಿಸಿ ಹೇಳಿದ್ಯಾ?” ಎಂದ.

“ಬಾಯಿ ನೋಯೋಷ್ಟು. ಅಲ್ಲ, ಕೈ ನೋಯೋಷ್ಟು.” ಅವಳು ಅವನ ಕಡೆ ತಿರುಗಿದಳು. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಮಾತು ನಿನ್ನ ಕೈಯಲ್ಲಿ ಸ್ವಲ್ಪ ಜಾಸ್ತಿನೇ ಚೂಪಾಗಿರಲಿಲ್ವಾ?”

ಅವನು ಇಲ್ಲ ಎನ್ನಬಹುದಿತ್ತು. ಅವಳಿಗೂ ಅದೇ ಬೇಕಿತ್ತು.

“ಇತ್ತು,” ಎಂದ. “ರೆಕಾರ್ಡಿಂಗ್ ನೋಡಿದೆ. ಕನ್ನಡಕದ ಸಿಟ್ಟಿನ ಜೊತೆ ನಂದೂ ಒಂದು ಚಿಟಿಕೆ ಸೇರ್ಕೊಂಡಿತ್ತು. ಸೇರಬಾರದಿತ್ತು. ಆ ಕಡೆ ಇರೋದು ನೀನು ಅನ್ನೋದೇ ಆ ಹೊತ್ತಿಗೆ ಮರೆತುಹೋಗಿತ್ತು.”

ಅವಳಿಗೆ ಸಿಟ್ಟೂ ಬಂತು, ಅವನ ಮೇಲೆ ಇನ್ನಷ್ಟು ಪ್ರೀತಿಯೂ ಬಂತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ತಿಳಿಯದೆ ಪೊಟ್ಟಣ ಒಡೆದು ಒಂದು ಬಿಸ್ಕತ್ತು ತಿಂದಳು.

“ನನ್ನ ಮೊದಲನೇ ವಾರದ್ದೂ ನೋಡು,” ಎಂದಳು. “ಮೀಸೆ ‘ಇವರನ್ನ ನಂಬಬೇಡಿ’ ಅಂದಾಗ ನಾನು ಮುಖ ಹೇಗೆ ಮಾಡಿದ್ದೆ ಅಂತ.”

“ನೋಡಿದೀನಿ. ಅವತ್ತು ರಾತ್ರಿ ನಂಗೆ ಊಟ ಸೇರಲಿಲ್ಲ.”

ಇಬ್ಬರೂ ನಕ್ಕರು, ಆದರೆ ಪೂರ್ತಿ ನಗಲಿಲ್ಲ. ಒಳಗೆ ಮೂವತ್ತು ಜನ ಬೆನ್ನು ತಿರುಗಿಸಿ ಕೂತಿದ್ದರು. ಅದರಲ್ಲಿ ತಮ್ಮದೂ ಒಂದೊಂದು ಚಿಟಿಕೆ ಇದೆ ಎಂಬುದು ಇಬ್ಬರಿಗೂ ಚುಚ್ಚುತ್ತಿತ್ತು.

“ಕೊನೇ ಚರ್ಚೆಗೆ ಜಾಗ ಬದಲಾಯಿಸ್ಕೊಳ್ಳೋಣ,” ಎಂದಳು ಅವಳು. “ನಾನು ಕನ್ನಡಕ, ನೀನು ಮೀಸೆ. ನಿಯಮದಲ್ಲಿ ಬೇಡ ಅಂತ ಎಲ್ಲೂ ಇಲ್ಲ.”

“ನಮ್ಮ ಸ್ವಂತಕ್ಕೆ ಕೆಲಸಾನ ಬಳಸ್ಕೊಂಡ ಹಾಗಾಗಲ್ವಾ?”

“ಸ್ವಂತದ್ದಲ್ಲ. ಈ ಕುರ್ಚಿಗಳದ್ದು. ನಾವು ಬರೀ ಕೈ ಅಂತ ಹೇಳಿದ್ರೆ ನಂಬ್ತಿಲ್ಲ, ಅಲ್ವಾ? ಕಣ್ಣಾರೆ ನೋಡಲಿ.”

*

ಬುಧವಾರ ಸ್ಟುಡಿಯೋದಲ್ಲಿ ಅವನು ತೋಳು ಮಡಿಸಿದ, ಅವಳ ಕಡೆ ನೋಡಿದ, ಹೋಗಿ ಮೀಸೆಯ ಮೂಲೆಯಲ್ಲಿ ನಿಂತ. ಅವಳು ಕನ್ನಡಕದ ಮೂಲೆಯಲ್ಲಿ ನಿಂತಳು. ಬೇಡದವರ ಮಾತನ್ನು ಎದೆ ಮುಟ್ಟಿ ‘ನಾನು’ ಎನ್ನುವುದೆಂದರೆ ಬೇರೆಯವರ ಬಟ್ಟೆ ತೊಟ್ಟ ಹಾಗಿತ್ತು, ಎಲ್ಲೆಲ್ಲೋ ಹಿಡಿಯುತ್ತಿತ್ತು.

ಮೊದಲ ಅರ್ಧ ಗಂಟೆ ಎಂದಿನ ಹಾಗೇ ಕಿತ್ತಾಟ. ‘ಸುಳ್ಳು ಹೇಳ್ತಿದ್ದೀರಿ’ ಎಂದು ಕನ್ನಡಕ ಗುಡುಗಿದರು. ಅವಳು ತನ್ನ ಪ್ರೀತಿಯ ಮನುಷ್ಯನ ಕಡೆಗೆ ಬೆರಳು ಚಾಚಿ ಸುಳ್ಳುಗಾರ ಎಂದಳು, ಒಂದಲ್ಲ, ಮೂರು ಸಲ. ಅವನು ಮೀಸೆಯ ಪರವಾಗಿ ಅವಳನ್ನು ಅಹಂಕಾರಿ ಎಂದ. ಈ ಸಲ ಯಾರ ಕೈಯಲ್ಲೂ ಸ್ವಂತದ ಚಿಟಿಕೆ ಇರಲಿಲ್ಲ.

ಕೊನೆಗೆ ಇಬ್ಬರೂ ಎರಡೆರಡು ನಿಮಿಷ ಮಾತಾಡಬೇಕಿತ್ತು. ಕನ್ನಡಕ ಕಾಗದ ಪಕ್ಕಕ್ಕಿಟ್ಟರು.

“ನನ್ನ ಅಮ್ಮನಿಗೆ ಓದು ಬರ್ತಿರಲಿಲ್ಲ,” ಎಂದರು. “ದೊಡ್ಡಾಸ್ಪತ್ರೆಯಲ್ಲಿ ಯಾವ ಬಾಗಿಲಿಗೆ ಹೋಗಬೇಕು ಅಂತ ತಿಳಿಯದೆ ನಿಂತಿದ್ದಳು. ಡಾಕ್ಟರ್ ಬರೆದುಕೊಟ್ಟಿದ್ದನ್ನ ಓದಿ ಹೇಳಿದ್ದು ನಾನು. ನನಗಾಗ ಹತ್ತು ವರ್ಷ.”

ಅವಳ ಕೈ ಎದೆಯ ಮೇಲೆ ಹೋಯಿತು. ನಾನು. ಹತ್ತು ವರ್ಷ. ಮುಂದಕ್ಕೆ ಹೋಗಬೇಕಾದ ಕೈ ಅಲ್ಲೇ ಒಂದು ಕ್ಷಣ ನಿಂತಿತು. ಅವಳಿಗೆ ಹನ್ನೊಂದಾಗಿತ್ತು, ಅಷ್ಟೇ ವ್ಯತ್ಯಾಸ. ತನ್ನ ಅಮ್ಮನ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರ್ ಬಾಯಲ್ಲಿ ಹೇಳಿದ್ದನ್ನು ಅಪ್ಪನಿಗೂ ಅವರಂತೆಯೇ ಕಿವಿ ಕೇಳದ ಅಮ್ಮನಿಗೂ ಕೈಯಲ್ಲಿ ಹೇಳಿದವಳು ಅವಳೇ. ಬೇರೆ ಯಾರಿದ್ದರು? ಕಣ್ಣು ತುಂಬಿ ಬಂತು. ದುಭಾಷಿ ಕಣ್ಣು ಒರೆಸಿಕೊಳ್ಳುವಂತಿಲ್ಲ, ಕೈ ಮಾತಿಗೆ ಬೇಕು. ಒರೆಸಿಕೊಳ್ಳದೆಯೇ ಮುಗಿಸಿದಳು.

ಮೂರು ಮಾರು ಆಚೆಯಿಂದ ಅವನು ನೋಡುತ್ತಿದ್ದ. ಅವನು ಮಾಡಬಹುದಾಗಿದ್ದದ್ದು ಅಷ್ಟೇ, ಅದನ್ನು ಅವನು ಪೂರ್ತಿಯಾಗಿ ಮಾಡಿದ.

ಮನೆಗೆ ಬಂದಾಗ ಟವೆಲ್ ಮಡಚಿಟ್ಟಿತ್ತು. ಅಪ್ಪನ ಎರಡೂ ಕಣ್ಣು ತೆರೆದಿದ್ದವು.

“ಅವನಿಗೆ ಸುಳ್ಳುಗಾರ ಅಂದೆ,” ಎಂದರು.

“ಹೌದಪ್ಪ.”

“ಅದೂ ಮೂರು ಸಲ. ಪಾಪ, ಅವನು ಸಪ್ಪೆ ಮುಖ ಮಾಡಲಿಲ್ಲ.” ಅಪ್ಪ ಸ್ವಲ್ಪ ಯೋಚಿಸಿದರು. “ಮೀಸೆಯ ಮಾತು ನಿನಗಿಂತ ಚೆನ್ನಾಗಿ ಹೇಳಿದ.”

“ಅಪ್ಪ!”

“ಇದ್ದದ್ದು ಹೇಳಿದೆ.” ಆಮೇಲೆ ಕೈಗಳು ನಿಧಾನವಾದವು. “ಕನ್ನಡಕದ ಅಮ್ಮನೂ ಹಾಗೇ ನಿಂತಿದ್ದಳಾ, ಆಸ್ಪತ್ರೆಯಲ್ಲಿ? ನಾವು ನಿಂತ ಹಾಗೆ?”

“ಹಾಗೇ ಅಂತೆ.”

“ನಮಗೆ ಗೊತ್ತೇ ಇರಲಿಲ್ಲ.” ಅಪ್ಪ ಎದ್ದು ನೀರು ಕುಡಿದು ಬಂದು ಮತ್ತೆ ಕೂತರು. “ಕನ್ನಡಕಕ್ಕೆ ವೋಟು ಮಾತ್ರ ಹಾಕಲ್ಲ.”

“ಹಾಕಬೇಡಿ.”

*

ಮತದಾನದ ದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಉದ್ದನೆಯ ಸಾಲು. ಸಂಘದವರೂ ಇದ್ದರು, ಮೀಸೆಯವರು ಗೇಟಿನ ಹತ್ತಿರ, ಕನ್ನಡಕದವರು ಜಗಲಿಯ ಹತ್ತಿರ. ಅವನು ಅವಳಿಗಿಂತ ಐದಾರು ಜನ ಮುಂದಿದ್ದ. ಅವಳನ್ನು ನೋಡಿದ, ಅಪ್ಪನನ್ನು ನೋಡಿದ, ಮುಂದೆ ತಿರುಗಿದ.

ಅಪ್ಪ ಸಾಲು ಬಿಟ್ಟು ನೇರ ಅವನ ಹತ್ತಿರ ನಡೆದರು. ಅವಳೂ ಹಿಂದೆ ಓಡಿದಳು.

“ಮೂರು ವಾರ ನಿನ್ನ ಕೈ ನೋಡಿದೆ,” ಎಂದರು ಅಪ್ಪ. “ಎರಡು ವಾರ ಕನ್ನಡಕದ ಮಾತು, ಒಂದು ವಾರ ಮೀಸೆಯ ಮಾತು. ನಿಂದು ಅಂತ ಒಂದಾದ್ರೂ ಮಾತಿದ್ಯಾ?”

ಕೈಮಾತಿನಲ್ಲಿ ಪಿಸುಗುಟ್ಟುವುದೆಂದರೆ ಇಲ್ಲ. ಗೇಟಿನವರೂ ಜಗಲಿಯವರೂ ತಮ್ಮ ಮಾತು ನಿಲ್ಲಿಸಿ ಇತ್ತ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡ, ಯಾವ ಉಪಯೋಗಕ್ಕೋ ಏನೋ. ತೋಳನ್ನು ಎರಡು ಮಡಿಕೆ ಮಡಿಸಿದ. ಅವಳ ಕಡೆ ನೋಡಿದ. ಎದೆ ಮುಟ್ಟಿಕೊಂಡ.

“ನಾನು...”

“ಯಾರ ಪರವಾಗಿ?” ಅವಳ ಕೈ ಅಭ್ಯಾಸಬಲದಿಂದ ಕೇಳಿಬಿಟ್ಟಿತು.

“ನನ್ನ ಪರವಾಗಿ. ಈ ‘ನಾನು’ ನಾನೇ.” ಅವನು ಬೆರಳನ್ನು ತನ್ನ ಎಡಗೆನ್ನೆಗೆ ಒತ್ತಿದ. ಈ ಸಲ ತಪ್ಪಲಿಲ್ಲ. “ಇವಳನ್ನ ಪ್ರೀತಿಸ್ತೀನಿ. ಮದುವೆ ಆಗೋ ಆಸೆ. ಕೇಳೋಕೆ ಅಂತ ಅವತ್ತು ಬಿಸ್ಕತ್ತು ತಂದಿದ್ದೆ, ನೀವು ಕುರ್ಚಿ ತಿರುಗಿಸಿದ್ರಿ.”

ಅಪ್ಪನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. “ಇವತ್ತು ವೋಟು ಯಾರಿಗೆ?”

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಒಂದೇ ಒಂದು ಸಣ್ಣ ಸುಳ್ಳು, ಎಲ್ಲ ಸರಿಹೋಗುತ್ತಿತ್ತು. ಹೇಳಿಬಿಡು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

“ನಿಮ್ಮವರಿಗಲ್ಲ,” ಎಂದ ಅವನು.

ಅಪ್ಪ ಕಣ್ಣು ಮುಚ್ಚಿದರು.

ಮತ್ತೆ ತೆರೆದರು. ಮಗಳ ಕಡೆ ತಿರುಗಿದರು. “ನಿನ್ನ ‘ನಾನು’ ಏನನ್ನುತ್ತೆ?”

ಅವಳು ಎದೆ ಮುಟ್ಟಿಕೊಂಡಳು. ಇಷ್ಟು ವರ್ಷ ಡಾಕ್ಟರ, ಮೇಷ್ಟರ, ಮೀಸೆಯ, ಕನ್ನಡಕದ ಪರವಾಗಿ ‘ನಾನು’ ಎಂದ ಕೈ ಇದೇ. ತನಗಾಗಿ ಆಡುತ್ತಿರುವುದು ಇದೇ ಮೊದಲು.

“ನಾನೂ ಅಷ್ಟೇ, ಅಪ್ಪ. ಇವನೇ ಬೇಕು.”

ಅಪ್ಪ ಅವನ ಮಡಿಸಿದ ತೋಳನ್ನು ಹಿಡಿದು, ಬಿಡಿಸಿ, ಮೇಲೆ ಕೆಳಗೆ ನೋಡಿದರು. ಮೂವತ್ತೆರಡು ವರ್ಷ ಹೊಲಿಗೆ ಅಂಗಡಿ ನಡೆಸಿದ ಕಣ್ಣು ಅದು. “ಈ ಶರ್ಟು ಹೊಲಿದವನ್ಯಾರು? ತೋಳು ಎರಡಿಂಚು ಉದ್ದ. ಅದಕ್ಕೇ ಮಡಿಸ್ತೀಯ. ಮೂರು ವಾರದಿಂದ ನೋಡ್ತಾನೇ ಇದೀನಿ.”

ಆಮೇಲೆ ಸಂಘದವರೆಲ್ಲ ನೋಡುತ್ತಿರುವಾಗ ಅಪ್ಪ ತಮ್ಮ ಎಡ ಮಣಿಕಟ್ಟಿನ ಮೇಲೆ ಬಲಗೈಯಿಂದ ಎರಡು ಸಲ ಮಡಿಸುವ ಹಾಗೆ ಮಾಡಿ, ಅವನ ಕಡೆ ತಲೆಯಾಡಿಸಿದರು. ತೋಳು ಮಡಿಸುವವನು. ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗೇಟಿನ ಹತ್ತಿರದವರು ಆ ಹೆಸರನ್ನು ಒಮ್ಮೆ ಮಾಡಿ ನೋಡಿದರು. ಜಗಲಿಯವರು ಸರಿಯಾಗಿ ಕಾಣಲಿಲ್ಲವೆಂದು ಹತ್ತಿರ ಬಂದರು. ಗೇಟಿನವರೇ ಅವರಿಗೆ ಮತ್ತೆ ತೋರಿಸಿಕೊಟ್ಟರು. ಮೂರು ವಾರದಲ್ಲಿ ಆ ಎರಡು ಗುಂಪುಗಳ ನಡುವೆ ದಾಟಿದ ಮೊದಲ ಮಾತು ಅದು.

ಸಾಲು ಮುಂದೆ ಸರಿಯಿತು. ಅಪ್ಪ ಒಳಗೆ ಹೋಗಿ ಮೀಸೆಗೇ ಹಾಕಿದರು, ಅದರಲ್ಲಿ ಅನುಮಾನವೇ ಬೇಡ. ಅವನೂ ತನಗೆ ಬೇಕಾದವರಿಗೇ ಹಾಕಿದ. ಹೊರಗೆ ಬಂದಾಗ ಅಪ್ಪ ಜೇಬಿನಿಂದ ಟೇಪು ತೆಗೆದು ನಿಂತಿದ್ದರು.

“ಕೈ ಚಾಚು.”

“ಶರ್ಟಿಗಾ?” ಅವನು ಕೇಳಿದ.

“ಶರ್ಟು ಹಾಕ್ಕೊಂಡು ಮದುವೆ ಆಗ್ತೀಯಾ?” ಎಂದರು ಅಪ್ಪ. “ಕೋಟಿಗೆ.”