ಅರವತ್ತೆಂಟು ವರ್ಷದ ಎಮ್ಮೆ

“ಎಮ್ಮಿ ವಯಸ್ಸೆಷ್ಟು?” ದನದ ಡಾಕ್ಟರ್ ಜಗದೇವಪ್ಪ ಪೆನ್ನು ಹಿಡಿದು ಕೇಳಿದರು.

“ಅರವತ್ತೆಂಟ್ರಿ ಸರ್,” ಎಂದಳು ಐದನೇ ಕ್ಲಾಸಿನ ಪರಿಮಳಾ.

“ತಿಂಗಳಾ?”

“ಅಲ್ರಿ, ವರ್ಷ.”

ದೋರನಹಳ್ಳಿಯ ದನದ ದವಾಖಾನೆ ಅಷ್ಟು ಹಳೆಯ ಎಮ್ಮೆಯನ್ನು ಕಂಡಿರಲಿಲ್ಲ. ಪರಿಮಳಾ ತಾನೇ ಏನು ಮಾಡಿಯಾಳು ಪಾಪ? ಅವಳಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಹೇಳಹೋದರೆ ಅರ್ಧ ನಿಜವೂ ಜೊತೆಗೆ ಬಂದುಬಿಡುತ್ತದೆ.

ಹೋದ ವಾರ ಅವರ ಮನೆಯ ಎಮ್ಮೆಗೆ ಕೆಚ್ಚಲು ಬಾತಿತ್ತು. ಲೋಳಸರ, ಅರಿಶಿಣ, ಸುಣ್ಣ ಅರೆದು ಹಚ್ಚಿ ಎಂದು ಇದೇ ಡಾಕ್ಟರ್ ಹೇಳಿದ್ದರು. ಎಮ್ಮೆಗೆ ಗುಣವಾಯಿತು. ಆಮೇಲೂ ಔಷಧದ ಬಟ್ಟಲು ಖಾಲಿಯಾಗುತ್ತಲೇ ಇತ್ತು!

ನಿನ್ನೆ ನೋಡಿದರೆ ಆಯಿಯ ಕುಪ್ಪಸವೆಲ್ಲ ಕೆಂಪು. ಅರಿಶಿಣಕ್ಕೆ ಸುಣ್ಣ ಕೂಡಿದರೆ ಕೆಂಪೇ ತಾನೆ? ಆಯಿ ಎಂದರೆ ಅಪ್ಪನ ಅವ್ವ, ದೇವಕಮ್ಮ.

“ಎದಿಯಾಗ ಗಂಟ ಆಗ್ಯಾದ. ಎಮ್ಮಿಗಿ ಕರಗಿದ್ದು ನನಗ ಕರಗಲ್ಲೇನು? ಯಾರಿಗೂ ಹೇಳಬ್ಯಾಡ, ನನ್ನಾಣಿ!” ಎಂದಿದ್ದಳು ಆಯಿ.

ಆಣೆ ಎಂದರೆ ಆಣೆ. ಆದರೆ ಎಮ್ಮೆಯ ವಿಷಯ ಹೇಳಬಾರದು ಎಂದಿರಲಿಲ್ಲವಲ್ಲ! ಎಮ್ಮೆಗೆ ಎದೆಯಲ್ಲಿ ಗಂಟಾಗಿದೆ, ಅದೇ ಔಷಧ ಹಚ್ಚಿದರೂ ಕರಗಿಲ್ಲ ಎಂದು ಪರಿಮಳಾ ಡಾಕ್ಟರಿಗೆ ಹೇಳಿದಳು.

“ಏನ್ ತಿಂತದ?” ಡಾಕ್ಟರ್ ಕೇಳಿದರು.

“ರೊಟ್ಟಿ, ಪುಂಡಿಪಲ್ಯ. ಊಟಾದ ಮ್ಯಾಲ ಎಲಿ-ಅಡಕಿ.”

“ಹಾಲು?”

“ಬಿಟ್ಟು ಭಾಳ ವರ್ಷ ಆತ್ರಿ. ಕಡೀಕ ಕುಡದಾಂವ ನಮ್ಮಪ್ಪ.”

ಕಂಪೌಂಡರ್ ಮಲ್ಲಿನಾಥ ಕಿಸಕ್ಕನೆ ನಕ್ಕ. ಡಾಕ್ಟರ್ ನಗಲಿಲ್ಲ. ಪೆನ್ನು ಕೆಳಗಿಟ್ಟರು.

“ನೋಡವ್ವ, ಗಿಡದಾಗ ಔಷಧ ಇರೋದು ಖರೇ. ಕ್ಯಾನ್ಸರಿಗಿ ಕೊಡೋ ಕೆಲವು ಔಷಧ ಗಿಡದಿಂದನೇ ತೆಗೀತಾರ. ಆದ್ರ ನಿಮ್ಮ ಎಮ್ಮಿಗಿ ಹಚ್ಚಾಕ ಹೇಳೋ ಮುಂಚೆ ನಾ ಕೈಯಿಟ್ಟು ನೋಡಿದ್ದಿಲ್ಲೇನು? ಈ ಎಮ್ಮಿ ಗಂಟು ಲೇಡಿ ಡಾಕ್ಟರೇ ನೋಡಬೇಕು. ನಾಳೆನೇ ಶಹಾಪುರಕ್ಕ ಹೋಗ್ರಿ.”

ಮನೆಗೆ ಬಂದಾಗ ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಪರಿಮಳಾ ಎಲ್ಲ ಹೇಳಿದಳು. ಎಲೆ-ಅಡಿಕೆಯನ್ನೂ ಬಿಡಲಿಲ್ಲ.

“ನಾ ಎಮ್ಮಿ?” ಆಯಿ ಕೆಂಡವಾದಳು. ಆಮೇಲೆ ಅವಳಿಗೇ ನಗು ಬಂತು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

ಪರಿಮಳಾ ಅವಳ ಕೈ ಹಿಡಿದಳು. ಆಯಿ ಆ ಪುಟ್ಟ ಕೈಯನ್ನು ಎರಡೂ ಕೈಯಿಂದ ಬಿಗಿಯಾಗಿ ಅಮುಕಿಕೊಂಡಳು. ಮನೆಗೆ ಬಂದ ಹಾವನ್ನು ಕೋಲಿನಿಂದ ಎತ್ತಿ ಆಚೆ ಬಿಡುವ ಆಯಿ ಇವಳು! ನಾಚಿಕೆಯೊಂದೇ ಅಲ್ಲ, ಆಯಿಗೆ ಹೆದರಿಕೆ ಎಂದು ಪರಿಮಳಾಗೆ ಆಗ ತಿಳಿಯಿತು.

“ನಿಮ್ಮವ್ವಗ ನಾನೇ ಹೇಳ್ತೀನಿ,” ಎಂದಳು ಆಯಿ, ಸೆರಗಿನಿಂದ ಮೂಗು ಒರೆಸಿಕೊಂಡು. “ಆದ್ರ ಆ ಎಮ್ಮಿಗಿ ಬಸ್ಸಿನಾಗ ಕಿಟಕಿ ಸೀಟೇ ಬೇಕಂತ ನೋಡು.”

“ಬಾಜೂಕ ನಾ ಕುಂದರ್ತೀನಿ,” ಎಂದಳು ಪರಿಮಳಾ. ಹಿಡಿದ ಕೈ ಬಿಡಲಿಲ್ಲ.