ಸಂಜೀವಪ್ಪನ ಮೂಗಿನ ಕೊಳವೆ

1993ರ ಜುಲೈ ಹದಿನಾಲ್ಕರ ಬೆಳಗ್ಗೆ ದೊಡ್ಡಬಳ್ಳಾಪುರ ಠಾಣೆಗೆ ನುಗ್ಗಿದ ನೇಕಾರ ಪಿಳ್ಳಪ್ಪ ಮೇಜು ಬಡಿದ. "ನಮ್ಮಣ್ಣಂಗೆ ಸೊಸೆ ವಿಷ ಹಾಕ್ತಾವ್ಳೆ ಸಾರ್!"

ಅಣ್ಣ ಸಂಜೀವಪ್ಪನಿಗೆ ಲಕ್ವ ಹೊಡೆದು ನುಂಗಲು ಆಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಕೊಳವೆಯಲ್ಲಿ ಸೊಸೆ ವಾಣಿ ಗಂಜಿ ಬಿಡುತ್ತಿದ್ದಳು. ಎರಡು ಸಲ ಟ್ರಸ್ಟ್ ಆಸ್ಪತ್ರೆ ಸೇರಿ ಬಂದಿದ್ದವನು ಈಗ ಮೂರನೇ ಸಲ ಸೇರಿ ಉಸಿರಿಗೆ ಒದ್ದಾಡುತ್ತಿದ್ದ. ಹಿಂದಿನ ಎರಡೂ ಬಿಡುಗಡೆ ಚೀಟಿಗಳಲ್ಲಿ ರೋಗದ ಕೋಡ್ ನಂಬರಿನ ಮುಂದೆ 'ವಿಷಾಹಾರ' ಎಂದಿತ್ತು. ಆಸ್ಪತ್ರೆಯ ಚೀಟಿಯೇ ಹಾಗೆಂದ ಮೇಲೆ ಪಿಳ್ಳಪ್ಪನ ಬಾಯಿಗೆ ಬೀಗ ಹಾಕುವವರು ಯಾರು!

ಇನ್‌ಸ್ಪೆಕ್ಟರ್ ಆದಿನಾರಾಯಣಪ್ಪ ಎಫ್‌ಐಆರ್ ದಾಖಲಿಸಿ ವಾಣಿಯನ್ನು ಕರೆಸಿದರು. ಮುದುಕ ಸತ್ತರೆ ಕೊಲೆ ಕೇಸು, ಈ ಹುಡುಗಿಯ ಬಾಳು ಮೂರಾಬಟ್ಟೆ.

"ಗಂಜಿಗೆ ಏನ್ ಹಾಕ್ತಿದ್ದೆಯಮ್ಮ?"

"ರಾಗಿ, ಉಪ್ಪು. ನಾನೂ ಅದನ್ನೇ ಕುಡೀತಿದ್ದೆ ಸಾರ್. ಮಾವ ಬದುಕವ್ರಾ? ಅದೊಂದು ಹೇಳ್ಬಿಡಿ."

ಅವರು ಟೋಪಿ ಹಾಕಿಕೊಂಡು ಸಂಜೀವಪ್ಪನ ಮನೆಗೆ ಹೊರಟರು.

ಮನೆಯಲ್ಲಿ ಪಂಚನಾಮೆ ನಡೆಯಿತು. ರೋಗಿಯ ಮಂಚ ಮಗ್ಗದ ಶೆಡ್ಡಿನಲ್ಲೇ ಇತ್ತು. ಮಗ್ಗದ ಸದ್ದು ಕೇಳದಿದ್ದರೆ ಯಜಮಾನರಿಗೆ ನಿದ್ದೆ ಹತ್ತದೆಂದು ಹೆಂಡತಿ ವರಲಕ್ಷ್ಮಮ್ಮನೇ ಅಲ್ಲಿ ಹಾಕಿಸಿದ್ದಳು.

"ಮೂಗಿನ ಪ್ಲಾಸ್ಟರ್‌ಗೆ ನೂಲಿನ ಧೂಳು ಕೂತು ಅಂಟು ಬಿಟ್ಟೋಗ್ತಿತ್ತು ಸ್ವಾಮಿ. ನಾನೇ ಒತ್ತಿಒತ್ತಿ ಅಂಟಿಸ್ತಿದ್ದೆ," ಎಂದಳು.

ಇನ್‌ಸ್ಪೆಕ್ಟರ್ ಜೀಪನ್ನು ನೇರ ಆಸ್ಪತ್ರೆಗೆ ಬಿಡಿಸಿದರು. ಡಾಕ್ಟರ್ ರವಿಶಂಕರ್ ಹಳೆಯ ಕೇಸ್ ಶೀಟುಗಳನ್ನು ತರಿಸಿ ನೋಡಿ ಹೌಹಾರಿದರು.

"ಮೊದಲ ಸಲ ನಾನು, ಎರಡನೇ ಸಲ ಬೇರೆ ಡಾಕ್ಟರು. ಇಬ್ಬರೂ ಕೊಳವೆ ಜಾರಿದೆ, ಗಂಜಿ ಶ್ವಾಸಕೋಶಕ್ಕೆ ಹೋಗಿದೆ ಅಂತ್ಲೇ ಬರೆದಿದ್ದೀವಿ. ವಿಷಾಹಾರ ಎಲ್ಲಿಂದ ಬಂತು?"

"ಕೋಡ್ ಹಾಕೋರು ಯಾರು?"

"ರೆಕಾರ್ಡ್ ರೂಮಿನ ಮನೋಹರ್. ಕೊಳವೆ ತೊಂದರೆಯ ಕೋಡ್ ಬಿದ್ದಿದ್ರೆ ನರ್ಸನ್ನ ಮನೆಗೇ ಕಳಿಸಿ ನೋಡಿಸ್ತಿದ್ವಿ."

ಇನ್‌ಸ್ಪೆಕ್ಟರ್ ಮನೋಹರನನ್ನು ಕೂರಿಸಿಕೊಂಡು ಕೇಳಿದರು. "ಯಾಕೆ ಬದಲಾಯಿಸ್ದೆ?"

ಅವನು ಬೆವರೊರೆಸಿಕೊಂಡ. "ಕೊಳವೆ ಹಾಕಿದ್ದು ನಮ್ಮ ತಂಗಿ ಸ್ನೇಹ ಸಾರ್. ಇಲ್ಲೇ ನರ್ಸು, ಹೊಸ ಕೆಲಸ. ಅವಳ ಕೈತಪ್ಪು ಅಂತ ತೆಗೆದುಹಾಕ್ತಾರೇನೋ ಅಂತ ಹೆದರ್ಕೊಂಡ್ಬಿಟ್ಟೆ."

"ಮನೆಯಲ್ಲಿ ಅನ್ನ ಇಕ್ಕೋಳ ಮೇಲೆ ಅಪವಾದ ಬರುತ್ತೆ ಅಂತ ಹೊಳೀಲಿಲ್ವಾ?"

"ಹೊಳೀತು ಸಾರ್."

ಸಂಜೆ ಐದಕ್ಕೆ ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಮನೋಹರನ ದಸ್ತಗಿರಿಯಾಯಿತು. ಅಷ್ಟರಲ್ಲಿ ಕಾನ್‌ಸ್ಟೆಬಲ್ ಬೈಲಪ್ಪ ವಾರ್ಡಿನಿಂದ ಓಡಿಬಂದ. ಸಂಜೀವಪ್ಪನ ಉಸಿರಾಟ ಹದಕ್ಕೆ ಬಂದಿತ್ತಂತೆ. ಸದ್ಯ! ಇನ್‌ಸ್ಪೆಕ್ಟರ್ ಠಾಣೆಗೆ ಫೋನು ಮಾಡಿ ವಾಣಿಯನ್ನು ಮಾವನ ಬಳಿಗೆ ಕಳಿಸಲು ಹೇಳಿದರು.

ಜೀಪು ಹತ್ತುವಾಗ ಮನೋಹರ ಕೇಳಿದ. "ಸ್ನೇಹಂಗೆ ಏನಾಗುತ್ತೆ ಸಾರ್?"

"ಏನೂ ಆಗಲ್ಲ ಕಣಯ್ಯ. ಅವಳು ಸರಿಯಾಗೇ ಹಾಕಿದ್ಲು. ಅಂಟು ಬಿಡ್ಸಿದ್ದು ಮಗ್ಗದ ಧೂಳು."

ಜೀಪು ಹೊರಟ ಮೇಲೆ ಇನ್‌ಸ್ಪೆಕ್ಟರ್ ತಡೆಯಲಾರದೆ ಕೇಳಿಯೇಬಿಟ್ಟರು. "ಅಲ್ಲಯ್ಯಾ, ಕೊಳವೆ ಹೇಗೆ ಹಾಕ್ದೆ ಅಂತ ತಂಗೀನ ಒಂದ್ಸಲನಾದ್ರೂ ಕೇಳಿದ್ಯಾ?"

ಮನೋಹರ ಇಲ್ಲವೆಂದು ತಲೆಯಾಡಿಸಿದ. ಕೇಳಿದರೆ ಅವಳು ತಪ್ಪು ಒಪ್ಪಿಕೊಂಡುಬಿಟ್ಟಾಳೆಂದು ಅವನಿಗೆ ಭಯವಿತ್ತು.